ಮಗುವಿಗೆ 'ಪೈಲೋರಿ ಪಾಸಿಟಿವ್' ಅಂದರೆ ಏನು ಮಾಡಬೇಕು?

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು ನಾನು. ನಮ್ಮ ಬೀದಿಯ ತಾಯಂದಿರು ಈಗಲೂ ಲ್ಯಾಬ್ ರಿಪೋರ್ಟ್ ಹಿಡಿದು ಬರುತ್ತಾರೆ. "ಸಿಸ್ಟರ್, ಮಗೂಗೆ ಎಚ್. ಪೈಲೋರಿ ಪಾಸಿಟಿವ್ ಅಂತೆ. ಅಲ್ಸರ್ ಆಗ್ಬಿಟ್ಟಿದೆಯಾ?"

ಎಚ್. ಪೈಲೋರಿ ಅಂದರೆ ಹೊಟ್ಟೆಯೊಳಗೆ ಸೇರಿಕೊಳ್ಳುವ ಒಂದು ಬ್ಯಾಕ್ಟೀರಿಯಾ. ಕೆಲವರಲ್ಲಿ ಅದು ಅಲ್ಸರ್, ಅಂದರೆ ಹುಣ್ಣು ಮಾಡುತ್ತದೆ. ರಿಪೋರ್ಟ್ ರಕ್ತದ ಟೆಸ್ಟಿನದಾ ಅಂತ ಮೊದಲು ನೋಡಿ. ಹೌದಾದರೆ ಗಾಬರಿ ಬೇಡ. ಎಂದೋ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ತೋರಿಸುತ್ತದೆ. ಮಕ್ಕಳಲ್ಲಿ ಅದನ್ನೇ ನಂಬಿ ಔಷಧಿ ಶುರು ಮಾಡುವ ಹಾಗಿಲ್ಲ.

ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಬರುತ್ತದೆ. ಎಂಜಲು, ವಾಂತಿ, ಸರಿಯಾಗಿ ತೊಳೆಯದ ಕೈ ಇದಕ್ಕೆ ದಾರಿ. ಅನ್ನ ಅಗಿದು ಮಗುವಿನ ಬಾಯಿಗಿಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಹಾಗಂತ ಅಜ್ಜಿಯನ್ನು ಬೈಯಬೇಡಿ. ಸೋಂಕು ತಗುಲಿದ ಹೆಚ್ಚಿನ ಮಕ್ಕಳಿಗೆ ಯಾವ ತೊಂದರೆಯೂ ಆಗುವುದಿಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಹೊಟ್ಟೆಯೊಳಗೆ ಊತ ಬಂತು, ಹುಣ್ಣು ಬರಲಿಲ್ಲ!

ಹುಣ್ಣಾಗಲು ಇನ್ನೂ ಕೆಲವು ಸೇರಬೇಕು. ಬ್ಯಾಕ್ಟೀರಿಯಾದಲ್ಲೇ ಕೆಲವು ತಳಿಗಳು ಜೋರು. ಕ್ಯಾಗ್-ಎ ಅನ್ನುವ ಜೀನ್ ಇರುವವು ಜಾಸ್ತಿ ಹಾನಿ ಮಾಡುತ್ತವೆ. ನಮ್ಮ ಕಡೆಯಿಂದ ನೋಡಿದರೆ, ಸೋಂಕಿಗೆ ಹೊಟ್ಟೆಯ ಒಳಪದರ ಎಷ್ಟು ಊದಿಕೊಳ್ಳುತ್ತದೆ, ಎಷ್ಟು ಆಸಿಡ್ ಸುರಿಸುತ್ತದೆ ಅನ್ನುವುದರಲ್ಲಿ ವಂಶದ ಪಾಲೂ ಇದೆ. 'ಓ' ಗುಂಪಿನ ರಕ್ತದವರಲ್ಲಿ ಸಣ್ಣ ಕರುಳಿನ ಹುಣ್ಣು ಸ್ವಲ್ಪ ಹೆಚ್ಚು ಅಂತ 1950ರ ದಶಕದಲ್ಲೇ ಗೊತ್ತಾಗಿತ್ತು. ಇದಕ್ಕೆಲ್ಲ ಜೀನ್ ಟೆಸ್ಟ್ ಬೇಕಿಲ್ಲ. ತಂದೆ, ತಾಯಿ, ಒಡಹುಟ್ಟಿದವರಿಗೆ ಹುಣ್ಣು ಅಥವಾ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಹೇಳಿ, ಸಾಕು.

ಈಗ ಒಂದು ನೋಟ್‌ಬುಕ್ ತಗೊಳ್ಳಿ. ನೋವು ಎಲ್ಲಿ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ, ಕಕ್ಕಸು ಸರಿಯಾಗಿದೆಯಾ, ಎಲ್ಲ ಬರೆಯಿರಿ. ಮಗು ಹೊಕ್ಕುಳ ತೋರಿಸುತ್ತದೆ, ಆಮೇಲೆ ಆರಾಮಾಗಿ ಆಡುತ್ತದೆ, ರಾತ್ರಿ ನಿದ್ದೆ ಕೆಡುವುದಿಲ್ಲ ಅಂದರೆ ಸಾಮಾನ್ಯವಾಗಿ ಹುಣ್ಣಲ್ಲ. ಎಷ್ಟೋ ಸಲ ಮಲಬದ್ಧತೆಯೇ ಕಾರಣ. ಜ್ವರಕ್ಕೆ ಕೊಟ್ಟ ಸಿರಪ್‌ಗಳ ಹೆಸರನ್ನೂ ಬರೆಯಿರಿ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇರುವವು ಹೊಟ್ಟೆಯೊಳಗೆ ಹುಣ್ಣು ಮಾಡಬಲ್ಲವು, ಬ್ಯಾಕ್ಟೀರಿಯಾ ಇಲ್ಲದೆಯೂ. ಪಾಪ, ಬೈಸಿಕೊಳ್ಳುವುದು ಮಾತ್ರ ಹುಳಿ, ಖಾರ!

ರಕ್ತವಾಂತಿ ಆದರೆ, ಟಾರಿನ ಹಾಗೆ ಕಪ್ಪಗೆ ಅಂಟಂಟಾದ ಮಲ ಹೋದರೆ, ಬರೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. (ಐರನ್ ಟಾನಿಕ್ ಕುಡಿದರೂ ಮಲ ಕಪ್ಪಾಗುತ್ತದೆ, ಅದನ್ನೂ ಹೇಳಿ.) ನೋವು ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ವಾಂತಿ ನಿಲ್ಲದಿದ್ದರೆ, ಐರನ್ ಕೊಟ್ಟರೂ ರಕ್ತ ಏರದಿದ್ದರೆ ಬೇಗ ಮಕ್ಕಳ ಡಾಕ್ಟರಿಗೆ ತೋರಿಸಿ.

ಹುಣ್ಣಿನ ಅನುಮಾನ ಇದ್ದರೆ ಅವರು ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ, ಹೊಟ್ಟೆಯ ಒಳಪದರದ ಚೂರು ತೆಗೆದು ನೋಡುತ್ತಾರೆ. ಅದಕ್ಕೆ ಮುಂಚೆ ಗ್ಯಾಸ್ ಮಾತ್ರೆ, ಆಂಟಿಬಯೋಟಿಕ್ ಕೊಟ್ಟಿದ್ದರೆ ತಿಳಿಸಿ. ಅವುಗಳಿಂದ ಬ್ಯಾಕ್ಟೀರಿಯಾ ಇದ್ದರೂ ಸಿಗದೇ ಹೋಗಬಹುದು.

ಚಿಕಿತ್ಸೆ ಶುರುವಾದರೆ ಸಾಮಾನ್ಯವಾಗಿ 14 ದಿನ. ಆಂಟಿಬಯೋಟಿಕ್ ಜೊತೆ ಆಸಿಡ್ ಇಳಿಸುವ ಔಷಧಿ ಇರುತ್ತದೆ. ಬಾಯಿ ಕಹಿಯಾಗುತ್ತದೆ, ಭೇದಿಯೂ ಆಗಬಹುದು. ನೋವು ಹೋಯಿತು ಅಂತ ನಡುವೆ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಮುಂದೆ ಅದೇ ಔಷಧಿಗೆ ಬಗ್ಗದಿರಬಹುದು. ತಡೆಯಲಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮುಗಿದ ಮೇಲೆ ಕನಿಷ್ಠ 4 ವಾರ ಬಿಟ್ಟು, ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ.