ಕಾರಿನ ಬಾಗಿಲನ್ನು ಎಡಗೈಯಿಂದ ತೆರೆಯಿರಿ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಹಿಂದಿನಿಂದ ಬರುವ ಬಸ್ಸಿನ ಭಯವೇ ಹೆಚ್ಚು. ನನ್ನನ್ನು ಕೆಡವಿದ್ದು ಮಾತ್ರ ನಿಂತಿದ್ದ ಕಾರು. ಚಾಲಕರು ಹಿಂದೆ ನೋಡದೆ ಬಾಗಿಲು ತೆರೆದರು. ಹ್ಯಾಂಡಲ್ ಅದಕ್ಕೆ ಬಡಿದು ನಾನು ನಡುರಸ್ತೆಗೆ ಬಿದ್ದೆ. ಮೊಣಕೈ ತರಚಿತು, ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ.

ಅಂದಿನಿಂದ ಸಾಲಾಗಿ ನಿಂತ ಕಾರುಗಳಿಂದ ಕನಿಷ್ಠ ಒಂದು ಮೀಟರ್ ದೂರದಲ್ಲೇ ಸಾಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯಲಿ, ಅಂಚಿಗೆ ಸರಿಯಬೇಡಿ. ಗಂಟೆಗೆ 15 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ನಾಲ್ಕು ಮೀಟರ್. ಬಾಗಿಲು ತೆರೆದ ಮೇಲೆ ಬ್ರೇಕ್ ಹಿಡಿಯಲು ಸಮಯವೇ ಸಿಗುವುದಿಲ್ಲ. ಹಿಂಬದಿಯ ಗಾಜಿನಲ್ಲಿ ತಲೆ ಕಂಡರೆ, ಬ್ರೇಕ್ ದೀಪ ಆಗಷ್ಟೇ ಆರಿದ್ದರೆ ವೇಗ ತಗ್ಗಿಸಿ.

ಕಾರು ಓಡಿಸುವವರಲ್ಲಿ ನನ್ನ ಕಳಕಳಿಯ ವಿನಂತಿ: ಬಾಗಿಲನ್ನು ಬಲಗೈ ಬದಲು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ನೆದರ್ಲೆಂಡ್ಸಿನ ಹೆಸರಿನಲ್ಲೇ ಪ್ರಸಿದ್ಧವಾದ ಅಭ್ಯಾಸವಿದು. ಎಡಬದಿಯಲ್ಲಿ ಕುಳಿತವರು ಬಲಗೈ ಬಳಸಬೇಕು. ಶಾಲೆಯ ಮುಂದೆ ಇಳಿಯುವ ಮಕ್ಕಳಿಗೆ ಇದನ್ನು ಇಂದೇ ಕಲಿಸಿ. ನಮ್ಮ ಮನೆಯ ಕಾರಿನಲ್ಲಿ ಬಾಗಿಲಿನ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದೇವೆ. ಕೈ ಅಲ್ಲಿಗೆ ಹೋದೊಡನೆ ನೆನಪಾಗುತ್ತದೆ.