ಶ್ರೀರಂಗಪಟ್ಟಣದ ಗ್ಯಾರಿಸನ್ ಗೋರಿಗಳನ್ನು ಮ್ಯಾಪಿಗೆ ಸೇರಿಸಿದ್ದು: ನನ್ನ ಅನುಭವ

ಟೇಪ್ ಹಿಡಿದು ಮ್ಯಾಪ್ ಮಾಡ್ತೀಯಾ ಅಂತ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಕಾಟ್ ಬಂಗಲೆ ಹತ್ತಿರ, ಕಾವೇರಿ ದಂಡೆಯಲ್ಲಿರುವ ಗ್ಯಾರಿಸನ್ (ಸೇನಾ ಠಾಣ್ಯದ) ಸ್ಮಶಾನ ನಿಮಗೆ ಗೊತ್ತಿರುತ್ತದೆ. 1799ರ ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳು, ಆಮೇಲೆ ಇಲ್ಲೇ ಉಳಿದ ಸ್ವಿಸ್ ಡಿ ಮ್ಯೂರಾನ್ ರೆಜಿಮೆಂಟಿನವರು, ಅವರ ಹೆಂಡತಿ ಮಕ್ಕಳು, ಎಲ್ಲ ಸೇರಿ ಮುನ್ನೂರರ ಆಸುಪಾಸು ಗೋರಿಗಳು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನಾನು ನೋಡಿದಾಗ ಇದ್ದದ್ದು ಒಂದು ಹಸಿರು ಚೌಕ, ಅಷ್ಟೇ.

ಮೊದಲು ಮೊಬೈಲ್ ಜಿಪಿಎಸ್. ಮರದ ಕೆಳಗೆ ಅದು ಐದಾರು ಮೀಟರ್ ಆಚೀಚೆ ಓಡಾಡುತ್ತದೆ. ಎಷ್ಟೋ ಕಡೆ ಗೋರಿಗೂ ಗೋರಿಗೂ ನಡುವೆ ಒಂದು ಮಾರು ಜಾಗವೂ ಇಲ್ಲ. ಮನೆಗೆ ಬಂದು ಜೋಸಮ್‌ನಲ್ಲಿ (ಆ ಮ್ಯಾಪನ್ನು ತಿದ್ದುವ ತಂತ್ರಾಂಶ) ತೆರೆದರೆ ಅರ್ಧ ಗೋರಿಗಳು ಕಾಂಪೌಂಡಿನ ಹೊರಗೆ! ಸ್ಯಾಟಲೈಟ್ ಚಿತ್ರದಲ್ಲಿ ಎತ್ತರದ ಪಿರಮಿಡ್ ಗೋರಿಗಳು ಸಿಕ್ಕವು, ಮಿಕ್ಕಿದ್ದೆಲ್ಲ ನೆರಳು. ಒಂಬತ್ತೋ ಹತ್ತೋ ಸಾವಿರ ಸುರಿದು ಸೆಕೆಂಡ್ ಹ್ಯಾಂಡ್ ಜಿಪಿಎಸ್ ರಿಸೀವರ್ ತಂದೆ. ಬಯಲಲ್ಲಿ ಚೆನ್ನಾಗಿತ್ತು, ಮರದಡಿ ಅದೂ ತಡವರಿಸಿತು. ಮನೆಯಲ್ಲಿ ಬೈಸಿಕೊಂಡು ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು 30 ಮೀಟರ್ ಟೇಪು (ಮುನ್ನೂರೈವತ್ತು ಕೊಟ್ಟ ನೆನಪು), ನೈಲಾನ್ ಹಗ್ಗ, ಒಂದು ಗ್ರಾಫ್ ಪುಸ್ತಕ. ಗೋಡೆಯ ಮೂಲೆಗಳು ಸ್ಯಾಟಲೈಟಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕಾವಲಿನವರಿಗೆ ಹೇಳಿ ಮೂಲೆಯಿಂದ ಮೂಲೆಗೆ ಹಗ್ಗ ಎಳೆದೆ. ಹಗ್ಗದ ಗುಂಟ ಎಷ್ಟು ದೂರ, ಅಲ್ಲಿಂದ ಪಕ್ಕಕ್ಕೆ ಎಷ್ಟು, ಪ್ರತಿ ಗೋರಿಗೂ ಇವೆರಡೇ ಅಳತೆ. ಹಳ್ಳಿಯಲ್ಲಿ ಸರ್ವೆಯವರು ಚೈನ್ ಎಳೆದು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಗ್ರಾಫ್ ಹಾಳೆಯ ಫೋಟೊವನ್ನು ಪಿಕ್‌ಲೇಯರ್‌ನಲ್ಲಿ (ಮ್ಯಾಪಿನ ಮೇಲೆ ಚಿತ್ರ ಕೂರಿಸುವ ಜೋಸಮ್‌ನ ಪ್ಲಗಿನ್) ಮೂಲೆಗೆ ಮೂಲೆ ಕೂರಿಸಿ ಗೋರಿಗಳನ್ನು ಎಳೆದೆ. ತಪ್ಪು ಜಾಸ್ತಿಯೆಂದರೆ ಒಂದು ಗೇಣು. ಉಪಕರಣ ಇಲ್ಲದೆ ಪಕ್ಕದ ಗೆರೆಯನ್ನು ನೆಟ್ಟಗೆ ಹಿಡಿಯುವುದಕ್ಕೆ ನನ್ನದೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ರಿಸೀವರ್ ಬಿಟ್ಟರೆ ಒಟ್ಟು ಖರ್ಚು ಎರಡು ಸಾವಿರದೊಳಗೆ. ಅದರಲ್ಲೂ ಬಸ್ಸಿನ ಜೊತೆ ಮದ್ದೂರು ವಡೆಯ ಪಾಲು ದೊಡ್ಡದು.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಸವೆದ ಅಕ್ಷರ ಓದಲು ಕೆಲವರು ಸುಣ್ಣ, ಹಿಟ್ಟು ಬಳಿಯುತ್ತಾರೆ. ದಯವಿಟ್ಟು ಬೇಡ, ಕಲ್ಲು ಹಾಳಾಗುತ್ತದೆ. ನಾನು ಮನೆಯ ಕನ್ನಡಿ ಒಯ್ದು ಬಿಸಿಲನ್ನು ಕಲ್ಲಿನ ಒಂದು ಅಂಚಿನಿಂದ ಓರೆಯಾಗಿ ಹಾಯಿಸಿದೆ. ಬರೀ ಒರಟು ಕಲ್ಲು ಅಂದುಕೊಂಡಿದ್ದ ಕಡೆ ಇಸವಿಯ ಅಂಕಿಗಳು ಎದ್ದವು.

ಮ್ಯಾಪಿನಲ್ಲಿ ಪ್ರತಿಯೊಂದಕ್ಕೂ ಅದು ಏನೆಂದು ಹೇಳುವ ಟ್ಯಾಗ್ ಹಾಕುತ್ತೇವೆ. ಇವೆಲ್ಲ ಯುದ್ಧದ ಗೋರಿಗಳೇ ಅಂತ ಟ್ಯಾಗ್ ಹಾಕಬೇಕೋ ಬೇಡವೋ ಎಂಬ ಜಗಳಕ್ಕೆ ನನ್ನ ಉತ್ತರ ಇಷ್ಟೇ. ಎಲ್ಲದಕ್ಕೂ ‘ಟೂಂಬ್=ವಾರ್_ಗ್ರೇವ್’ (ಯುದ್ಧದ ಗೋರಿ) ಹಾಕಬೇಡಿ. ಸಿಪಾಯಿಯ ಮಗುವಿನದು ಯುದ್ಧದ ಗೋರಿ ಹೇಗಾಗುತ್ತದೆ? ಮಹಾಯುದ್ಧಗಳಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಹೆಸರೂ ಇಲ್ಲಿ ಬೇಡ, ಅವರ ಲೆಕ್ಕ ಶುರುವಾಗುವುದೇ 1914ರಿಂದ. ಕಲ್ಲಿನ ಮೇಲಿನ ಬರಹಕ್ಕೆ ‘ಇನ್‌ಸ್ಕ್ರಿಪ್ಷನ್’ ಟ್ಯಾಗ್ ಇದೆ, ಆದರೆ ಅದರಲ್ಲಿ 255 ಅಕ್ಷರ ಮಾತ್ರ ಹಿಡಿಯುತ್ತದೆ. ಹೆಸರು, ರೆಜಿಮೆಂಟ್, ಇಸವಿ ಬರುವ ಸಾಲುಗಳನ್ನು ಅದರಲ್ಲಿ ಹಾಕಿ, ಉದ್ದದ ಶೋಕಗೀತೆಗಳನ್ನು ವಿಕಿಮೀಡಿಯ ಕಾಮನ್ಸ್‌ನ (ಎಲ್ಲರೂ ಬಳಸಬಹುದಾದ ಚಿತ್ರಗಳ ತಾಣ) ಫೋಟೊಗೆ ಬಿಟ್ಟಿದ್ದೇನೆ.