ಗುಜರಿಗೆ ಹಾಕುವ ಮುಂಚೆ ಹಾರ್ಡ್ ಡಿಸ್ಕ್ ಒರೆಸಿ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಅಂಗಡಿ ಕಂಪ್ಯೂಟರಿನಲ್ಲಿ ನನ್ನ ಸ್ವಂತದ್ದು ಇರುವುದು ಕಡಿಮೆ. ಊರವರ ಆಧಾರ್ ಸ್ಕ್ಯಾನು, ಪಹಣಿ, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ನುಡಿಯಲ್ಲಿ ಟೈಪ್ ಮಾಡಿದ ಕ್ರಯಪತ್ರಗಳೇ ಜಾಸ್ತಿ. ಹಾಗಾಗಿ ಹಳೇ ಡಿಸ್ಕನ್ನು ಒರೆಸದೆ ಯಾರ ಕೈಗೂ ಕೊಡುವುದಿಲ್ಲ.

ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಮುಗೀತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗ ಹೋಗುವುದು ಪಟ್ಟಿಯಲ್ಲಿನ ಹೆಸರು ಮಾತ್ರ. ಕ್ವಿಕ್ ಫಾರ್ಮ್ಯಾಟ್ ಕೂಡ ಅಷ್ಟೇ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಎಷ್ಟೋ ಫೈಲುಗಳು ವಾಪಸ್ ಬರುತ್ತವೆ.

ಬೇಕಾದ್ದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ನಿಮ್ಮದು ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವಿಲ್ಲದೆ ಚಿಪ್ಪಿನಲ್ಲೇ ಬರೆದಿಡುವ ಎಸ್‌ಎಸ್‌ಡಿಯೋ ನೋಡಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಬರೆದಿರುತ್ತದೆ. ಎರಡಕ್ಕೂ ದಾರಿ ಬೇರೆ.

ತಿರುಗುವ ಡಿಸ್ಕಾದರೆ ಬಿಚ್ಚಿ, ಸಾಟಾ–ಯುಎಸ್‌ಬಿ ಕೇಬಲ್ಲಿನಲ್ಲಿ ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಹಾಕಿ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ ಪವರ್ ಅಡಾಪ್ಟರ್ ಬೇರೆ ಬೇಕು. ಪೆನ್ ಡ್ರೈವ್, ಬ್ಯಾಕಪ್ ಡಿಸ್ಕು ಏನಿದ್ದರೂ ಕಿತ್ತಿಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷಿನಲ್ಲಿ ‘ಡಿಸ್ಕ್‌ಪಾರ್ಟ್’ (diskpart) ಅಂತ ಟೈಪ್ ಮಾಡಿ, ಆಮೇಲೆ ‘ಲಿಸ್ಟ್ ಡಿಸ್ಕ್’. ಎಷ್ಟು ಜಿಬಿ ಅಂತ ನೋಡಿ ನಿಮ್ಮ ಹಳೇ ಡಿಸ್ಕಿನ ನಂಬರ್ ಗುರುತಿಸಿ. ಅದು 1 ಆಗಿದ್ದರೆ ‘ಸೆಲೆಕ್ಟ್ ಡಿಸ್ಕ್ 1’. ಇಲ್ಲಿ ಒಂದು ಸಲ ಕೈ ನಿಲ್ಲಿಸಿ ನಂಬರನ್ನು ಮತ್ತೆ ನೋಡಿ. ಯಾಕೆಂದರೆ ಮುಂದಿನ ‘ಕ್ಲೀನ್ ಆಲ್’ ಕೊಟ್ಟರೆ ಅದು ‘ಹೌದಾ, ಅಲ್ವಾ’ ಅಂತ ಕೇಳುವುದೇ ಇಲ್ಲ, ನೇರ ಶುರು. ಬರೀ ‘ಕ್ಲೀನ್’ ಅಂದರೆ ಸಾಲದು. ‘ಆಲ್’ ಸೇರಿಸಿದರೆ ಮಾತ್ರ ಇಡೀ ಡಿಸ್ಕಿಗೆ ಸೊನ್ನೆ ತುಂಬುತ್ತದೆ.

500 ಜಿಬಿಗೆ ಕೆಲವು ಗಂಟೆ ಹಿಡಿಯಬಹುದು. ಎಷ್ಟಾಯಿತು ಅಂತ ತೋರಿಸುವುದಿಲ್ಲ, ಕೆಟ್ಟಿದೆ ಅಂದುಕೊಂಡು ಆಫ್ ಮಾಡಬೇಡಿ. ಸ್ಲೀಪ್ ಆಗದ ಹಾಗೆ ಸೆಟ್ ಮಾಡಿ, ಯುಪಿಎಸ್ ಮೇಲೆ ಇಟ್ಟು, ರಾತ್ರಿ ಬಿಟ್ಟುಬಿಡಿ.

35 ಸಲ ಬರೆಯಬೇಕು ಅನ್ನುವವರು ಸಿಗುತ್ತಾರೆ. ಅದು 1996ರಲ್ಲಿ ಪೀಟರ್ ಗುಟ್‌ಮನ್ ಅನ್ನುವ ಕಂಪ್ಯೂಟರ್ ತಜ್ಞ ಬರೆದ ಲೇಖನದಿಂದ ಬಂದ ಲೆಕ್ಕ, ಆ ಕಾಲದ ಬೇರೆ ಬೇರೆ ಜಾತಿಯ ಡಿಸ್ಕುಗಳಿಗೆ ಹೇಳಿದ್ದು. ಈಗಿನ ಡಿಸ್ಕಿಗೆ ಒಂದು ಸಲ ಸಾಕು. ಸುಮ್ನೆ ಕರೆಂಟ್ ಬಿಲ್ ಯಾಕೆ?

ಎಸ್‌ಎಸ್‌ಡಿಗೆ ಸೊನ್ನೆ ತುಂಬುವುದನ್ನು ನಂಬಬೇಡಿ. ನೀವು ಒಂದು ಕಡೆ ಬರೆ ಅಂದರೆ ಅದು ಇನ್ನೊಂದು ಕಡೆ ಬರೆಯುತ್ತದೆ, ಹಳೆಯದು ಒಳಗೇ ಉಳಿಯಬಹುದು. ತಯಾರಿಸಿದ ಕಂಪನಿಯ ಟೂಲಿನಲ್ಲಿ ಅಥವಾ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ‘ಸೆಕ್ಯೂರ್ ಇರೇಸ್’ ಅನ್ನುವ ಆಯ್ಕೆ ಇದ್ದರೆ ಅದನ್ನೇ ಬಳಸಿ.

ಡಿಸ್ಕ್ ಓಡುವುದೇ ಇಲ್ಲವಾ? ಆಗ ಮಾತ್ರ ಸುತ್ತಿಗೆ. ಓಡುವ ಡಿಸ್ಕ್ ಒಡೆಯುವುದು ನನಗೆ ಇಷ್ಟವಿಲ್ಲ, ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ. ಮೇಲಿನ ಸ್ಕ್ರೂಗಳು ನಕ್ಷತ್ರದ ಆಕಾರದವು, ಟಾರ್ಕ್ಸ್ ಬಿಟ್ ಬೇಕು. ಒಳಗಿನ ಹೊಳೆಯುವ ತಟ್ಟೆಗಳು ಹಾಳಾಗಬೇಕು. ಹೊರಗಿನ ಹಸಿರು ಬೋರ್ಡ್ ಪುಡಿ ಮಾಡಿದರೆ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದು, ಚೂರು ಸಿಡಿಯುತ್ತದೆ. ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಹೊಡೆಯಿರಿ. ಸುಡಬೇಡಿ. ಚೂರುಗಳನ್ನು ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ.

ನನ್ನ ಹಾಗೆ ಅಂಗಡಿ ಇಟ್ಟವರಿಗೆ ಇನ್ನೊಂದು. ದೊಡ್ಡ ಡಿಜಿಟಲ್ ಜೆರಾಕ್ಸ್ ಮೆಷೀನುಗಳಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ. ಅಮೆರಿಕದಲ್ಲಿ ಅಫಿನಿಟಿ ಹೆಲ್ತ್ ಪ್ಲಾನ್ ಅನ್ನುವ ಆರೋಗ್ಯ ವಿಮೆ ಸಂಸ್ಥೆ ಅದನ್ನು ಒರೆಸದೆ ಬಾಡಿಗೆ ಮೆಷೀನು ವಾಪಸ್ ಕೊಟ್ಟು, 2013ರಲ್ಲಿ 12 ಲಕ್ಷ ಡಾಲರಿಗೂ ಜಾಸ್ತಿ ತೆರಬೇಕಾಯಿತು. ಮೆಷೀನು ಬದಲಾಯಿಸುವ ದಿನ ಸರ್ವಿಸ್ ಹುಡುಗನನ್ನು ಕೂರಿಸಿಕೊಂಡು, ಅಡ್ಮಿನ್ ಮೆನುವಿನಲ್ಲಿ ಡಿಸ್ಕ್ ಅಳಿಸುವ ಆಯ್ಕೆ ಎಲ್ಲಿದೆ ಅಂತ ಕೇಳಿ, ನಿಮ್ಮ ಕಣ್ಣೆದುರೇ ಮಾಡಿಸಿ. ಆಮೇಲೆ ಗಾಡಿಗೆ ಹತ್ತಿಸಿ.